ರಕ್ತದ ಮುದ್ದೆಮಾಲು

ಹೋದ ತಿಂಗಳು ರಾಯಚೂರಿನ ಕೋರ್ಟಿನ ಆವರಣದಲ್ಲಿ ತೀರಿಹೋದ ನಮ್ಮ ವಕೀಲರಿಗೊಂದು ಸಂತಾಪ ಸಭೆ ನಡೆಯಿತು. ಮಾತನಾಡಿದ ಇನ್ನೊಬ್ಬ ಹಿರಿಯ ವಕೀಲರು, "ಶಾಂತ ಸ್ವಭಾವದವರು, ಯಾರ ನಿಷ್ಠುರವನ್ನೂ ಕಟ್ಟಿಕೊಂಡವರಲ್ಲ" ಎಂದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಮೈ ಉರಿಯಿತು. ಹಾಗೆಂದವರ ಜೊತೆಯೇ ಅವರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಸತ್ತವರನ್ನು ಹೊಗಳುವುದೆಂದರೆ ಅವರ ಹಲ್ಲು ಕಿತ್ತು ಮಲಗಿಸುವುದು ಎಂದು ನಮ್ಮ ಜನ ತಿಳಿದಂತಿದೆ. ನಾನು ಬಲ್ಲ ಆ ಮನುಷ್ಯ ಜೀವಮಾನವಿಡೀ ಸಿಟ್ಟಿನಲ್ಲಿದ್ದರು. ಸಿಟ್ಟಿಗೆ ಕಾರಣವೂ ಇತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಕುಲದ ಹೆಸರನ್ನೂ ಬರೆಯುವುದಿಲ್ಲ, ಹಟ್ಟಿಯ ಹೆಸರನ್ನೂ ಬರೆಯುವುದಿಲ್ಲ. ಹೆಸರು ಅಚ್ಚಾದದ್ದರಿಂದಲೇ ಆ ಹಟ್ಟಿಗೆ ಏನೇನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ದೇವದುರ್ಗ ತಾಲೂಕಿನಲ್ಲಿ, ಗೂಗಲ್ ಎಂಬ ಊರಿಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಕೃಷ್ಣೆಯ ಕಡೆಗೆ ನಡೆದರೆ ಸಿಗುವ ಹಟ್ಟಿ ಅದು. ಇಷ್ಟು ಸಾಕು.

ರಾಯಚೂರಿನಲ್ಲಿ ಅವರು ನಮ್ಮ ಎದುರು ಮನೆಯವರು. ನನ್ನ ಅಬ್ಬಾ ಗೋಣಿಚೀಲದ ವ್ಯಾಪಾರಿ. ಮಾನ್ವಿಯ ಅಕ್ಕಿ ಗಿರಣಿಗಳಿಗೆ ಚೀಲ ಹಾಕುತ್ತಿದ್ದರು. ವಕೀಲರು ಸಂಜೆ ಕೋರ್ಟಿನಿಂದ ಬಂದವರೇ ಕರಿಕೋಟನ್ನು ನಮ್ಮ ಚೀಲದ ರಾಶಿಯ ಮೇಲೆ ಎಸೆದು, ಅಬ್ಬಾನ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ನಿಜಾಮನ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಅವರ ಹಟ್ಟಿಯಿಂದ ಶಾಲೆಗೆ ಹೋದ ಮೊದಲಿಗರು. ಹೈದರಾಬಾದಿನಲ್ಲಿ ಕಾನೂನು ಕಲಿತು ಬಂದರು. ವಾದ ಮಾಡುವುದು ಕನ್ನಡದಲ್ಲಿ, ಬೈಯುವುದು ಉರ್ದುವಿನಲ್ಲಿ. ಅಬ್ಬಾನೇ ಒಮ್ಮೆ, "ಇಷ್ಟು ಚಂದದ ಉರ್ದು ನಮ್ಮ ಮೌಲ್ವಿ ಸಾಹೇಬರಿಗೂ ಬರಲ್ಲ, ಆದ್ರ ಎಲ್ಲಾ ಬೈಗುಳಕ್ಕ ಖರ್ಚಾಗತದ" ಎಂದು ನಕ್ಕಿದ್ದರು.

ಕುಳ್ಳಗಿನ ಆಳು. ದಪ್ಪ ಗಾಜಿನ ಕನ್ನಡಕ. ಸಿಟ್ಟು ಬಂದಾಗ ಮೊದಲು ಕನ್ನಡಕ ತೆಗೆದು, ಮಡಚಿ, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹಾಗೆ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಮಾರಿ ಕಂಡ್ರ ಮರ್ಯಾದಿ ಕೊಡಬೇಕನಸತದ ಬೇಟಿ. ಕಾಣಲಿಲ್ಲಂದ್ರ ಮಾತು ಸಲೀಸು ಬರತದ" ಎಂದಿದ್ದರು.

ಅವರ ಸಿಟ್ಟನ್ನು ಮೊದಲು ಕಣ್ಣಾರೆ ಕಂಡದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಾನಾಗ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅವರ ಕುಲದ ನಾಲ್ಕಾರು ಹುಡುಗರು ಬುಡಕಟ್ಟಿನ ಸರ್ಟಿಫಿಕೇಟಿಗಾಗಿ ಕಚೇರಿ ಅಲೆಯುತ್ತಿದ್ದರು. ಅಲ್ಲಿದ್ದ ಅಧಿಕಾರಿಗೆ ಇವರು ಬುಡಕಟ್ಟಿನವರೆಂದು ನಂಬಿಕೆಯಿಲ್ಲ. ಪ್ಯಾಂಟು ಹಾಕಿದ್ದಾರೆ, ಹೊಲ ಉಳುತ್ತಾರೆ, ಗುಡ್ಡದಲ್ಲಿ ವಾಸವಿಲ್ಲ. ಕಡೆಗೆ ಆತ ಒಂದು ಉಪಾಯ ಹೇಳಿದನಂತೆ: ನಿಮ್ಮ ಕುಲದ ಕುಣಿತ ಕುಣಿದು ತೋರಿಸಿ, ನೋಡೋಣ. ಒಬ್ಬ ಹುಡುಗ ಕಚೇರಿಯ ಮೇಜುಗಳ ನಡುವೆ ನಿಜವಾಗಿಯೂ ಕುಣಿದನಂತೆ. ಕಾರಕೂನರು ನಕ್ಕರಂತೆ.

ಸುದ್ದಿ ಕೇಳಿದ ವಕೀಲರು ಚಹಾದ ಕಪ್ಪನ್ನು ಹಾಗೇ ಬಿಟ್ಟು ಎದ್ದರು. ಅಬ್ಬಾ ಗಾಬರಿಯಾಗಿ ನನ್ನನ್ನೂ ಎಬ್ಬಿಸಿಕೊಂಡು ಹಿಂದೆ ಹೊರಟರು. ಕಚೇರಿ ತಲುಪುವಷ್ಟರಲ್ಲಿ ಕನ್ನಡಕ ಜೇಬು ಸೇರಿತ್ತು.

"ಸಾಹೇಬ್ರ, ನಿಮ್ಮ ಜಾತಿ ಸರ್ಟಿಫಿಕೇಟು ತಗೊಳ್ಳಾಗ ನೀವು ಯಾರ ಮುಂದ ಕುಣಿದ್ರಿ?"

"ಏನ್ರೀ ವಕೀಲರ, ಇದು ಕಚೇರಿ."

"ಕಚೇರಿ ಅಂತ ನನಗ ಗೊತ್ತದ. ಹುಡುಗನ್ನ ಕುಣಿಸಿದೋರಿಗೆ ಗೊತ್ತಿರಲಿಲ್ಲ."

"ನೋಡ್ರಿ, ನಿಮ್ಮ ಜನ ಗುಡ್ಡದಾಗ ಇಲ್ಲಲ್ಲ..."

"ಗುಡ್ಡ ಒಡೆದು ಜಲ್ಲಿ ಮಾಡಿದ್ರಿ. ಅಡವಿಗೆ ಬೇಲಿ ಹಾಕಿದ್ರಿ. ಈಗ ಯಾಕ ಅಲ್ಲಿಲ್ಲ ಅಂತೀರಿ. ಇನ್ನ ಎಲ್ಲಿರಬೇಕಿತ್ತು ನಾವು, ನಿಮ್ಮ ಅಟ್ಟದ ಮ್ಯಾಲ?"

ಸರ್ಟಿಫಿಕೇಟು ಬರಲಿಲ್ಲ. ಅಧಿಕಾರಿಗೆ ಬಡ್ತಿ ಬಂತು. ನಾನು ಹೇಳಲು ಹೊರಟ ಕಥೆಯಲ್ಲಿ ಇಂಥದು ಬಹಳ ಸಲ ಆಗುತ್ತದೆ.

ಈ ಗಲಾಟೆಗೂ ಕೆಲವು ವರ್ಷ ಮೊದಲು ಅವರ ಹಟ್ಟಿಗೆ ಒಂದು ಜೀಪು ಬಂದಿತ್ತು. ದೂರದ ಒಂದು ದೊಡ್ಡ ಊರಿನ ಸಂಶೋಧನಾ ಸಂಸ್ಥೆಯವರು. ಹಿಂದಿನ ದಿನವೇ ಡಂಗುರ ಸಾರಿದ್ದರು: ಔಷಧದ ಕ್ಯಾಂಪು, ಎಲ್ಲರೂ ಬರಬೇಕು. ಜನ ಔಷಧಿ ಸಿಗುತ್ತದೆಂದು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಬಂದವರ ತಲೆಯನ್ನು ಕಬ್ಬಿಣದ ಚಿಮ್ಮಟದಂಥ ಸಾಮಾನಿನಿಂದ ಅಳೆದರು. ಮೂಗು ಅಳೆದರು. ಬೆರಳಿಗೆ ಮಸಿ ಹಚ್ಚಿ ಗುರುತು ಒತ್ತಿಸಿಕೊಂಡರು. ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಪ್ರತಿಯೊಬ್ಬರ ಕೈಗೂ ಒಂದಿಷ್ಟು ಕೆಂಪು ಗುಳಿಗೆ ಕೊಟ್ಟು ಕಳಿಸಿದರು. ಮುದುಕರು ಮಾತ್ರ ಮಸಿಯ ಡಬ್ಬಿ ನೋಡಿದ ಕೂಡಲೇ ಹೊಲದ ಕಡೆ ಓಡಿಹೋದರಂತೆ. ನಿಜಾಮನ ಪೊಲೀಸರು ಹೀಗೇ ಬೆರಳು ಒತ್ತಿಸಿಕೊಂಡು ಹೋದಮೇಲೆ, ಸುತ್ತಲ ಯಾವ ಊರಲ್ಲಿ ಕಳವಾದರೂ ತಮ್ಮ ಹಟ್ಟಿಗೇ ಬರುತ್ತಿದ್ದದ್ದು ಅವರಿಗೆ ನೆನಪಿತ್ತು.

ವಕೀಲರು ಆಗ ಊರಲ್ಲಿರಲಿಲ್ಲ. ತಿಳಿದ ಮೇಲೆ ಆ ಸಂಸ್ಥೆಗೆ ಅರ್ಜಿ ಬರೆದರು. ಉತ್ತರ ಬರಲಿಲ್ಲ. "ಸಿಟ್ಟು ಬಂದ್ರ ನುಂಗಬಾರದು, ಅರ್ಜಿ ಬರೀಬೇಕು" ಎನ್ನುವುದು ಅವರ ಮಾತು. ತಮ್ಮ ಹಳೆಯ ಟೈಪ್‌ರೈಟರನ್ನು ಕುಟ್ಟುವಾಗ ನಮ್ಮ ಮನೆಯ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು.

ಆ ಜೀಪಿಗೆ ರಕ್ತ ಕೊಟ್ಟವರಲ್ಲಿ ಅವರ ತಂಗಿಯೂ ತಂಗಿಯ ಮಗಳೂ ಇದ್ದರು.

ಆ ಹುಡುಗಿಯನ್ನು ನಾನು ಚೆನ್ನಾಗಿ ಬಲ್ಲೆ. ಆಸ್ಪತ್ರೆಗೆ ತೋರಿಸಲೆಂದು ತಾಯಿ ಅವಳನ್ನು ಅಣ್ಣನ ಮನೆಗೆ ಕರೆತರುತ್ತಿದ್ದಳು. ನೋವಿಲ್ಲದ ದಿನಗಳಲ್ಲಿ ನಮ್ಮ ಚೀಲದ ರಾಶಿಯ ತುದಿಗೆ ಹತ್ತಿ ಕುಳಿತು ಬೀದಿಯಲ್ಲಿ ಹೋಗುವವರನ್ನೆಲ್ಲ ಅಣಕಿಸುತ್ತಿದ್ದಳು. ನಮ್ಮ ಅಬ್ಬಾ ಚೀಲ ಎಣಿಸುವುದನ್ನು ಮಾಡಿ ತೋರಿಸಿದರೆ ಅಮ್ಮಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನೋವಿನ ದಿನಗಳಲ್ಲಿ ಮಾತ್ರ ಅವಳನ್ನು ನೋಡಲಾಗುತ್ತಿರಲಿಲ್ಲ. ಕೈಬೆರಳುಗಳು ಬಾತು, ಕಣ್ಣು ಹಳದಿಯಾಗಿ, ಮೂಳೆಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದಾರೆ ಎಂದು ಅಳುತ್ತಿದ್ದಳು. ಒಬ್ಬ ಡಾಕ್ಟರು ಕೀಲುವಾತ ಎಂದರು. ಇನ್ನೊಬ್ಬರು ಕಾಮಾಲೆ ಎಂದರು. ಹಟ್ಟಿಯಲ್ಲಿ ಬರೆ ಹಾಕಿದರು. ನಮ್ಮ ಅಮ್ಮಿ ದರ್ಗಾದಿಂದ ತಾಯಿತ ತಂದು ಕಟ್ಟಿದಳು. ನಾಟಿಯ ಕಾಲ ಬಂದಾಗ ತಾಯಿಯ ಜೊತೆ ಮಾನ್ವಿಯ ಗದ್ದೆಗಳಿಗೆ ಆ ಹುಡುಗಿಯೂ ಹೋಗುತ್ತಿದ್ದಳು. ಕಾಲುವೆಯ ಸೀಮೆಯಲ್ಲಿ ನಾಟಿಗೆ ದೇವದುರ್ಗದ ಕಡೆಯ ಹೆಂಗಸರೇ ಬೇಕಿತ್ತು. ಅಂಥದೊಂದು ನಾಟಿಯಲ್ಲಿ, ಬಿಸಿಲಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದವಳಿಗೆ ಜ್ವರ ಬಂತು. ಎರಡು ದಿನ ಗದ್ದೆಯ ಬದುವಿನ ಗುಡಿಸಲಿನಲ್ಲೇ ಮಲಗಿದ್ದಳು. ಮಾನ್ವಿಯ ಆಸ್ಪತ್ರೆಗೆ ಎತ್ತಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಮೈನೆರೆದು ವರ್ಷ ಕಳೆದಿರಲಿಲ್ಲ.

ವಕೀಲರು ಆಗ ಕೂಗಾಡಲಿಲ್ಲ. ಯಾರ ಮೇಲೆ ಕೂಗಬೇಕೆಂದು ಅವರಿಗೆ ತಿಳಿದಿರಲಿಲ್ಲ.

ತಿಳಿದದ್ದು ಆಮೇಲೆ. ಅದೂ ಪತ್ರಿಕೆಯಿಂದ. ಒಂದು ಸಂಜೆ ಮಡಚಿದ ಇಂಗ್ಲಿಷ್ ದಿನಪತ್ರಿಕೆಯನ್ನು ಹಿಡಿದು ಬಂದು ನನ್ನ ಮುಂದೆ ಇಟ್ಟರು. "ಬೇಟಿ, ಇದು ನಿನ್ನ ಶಾಸ್ತ್ರ. ನನಗ ತಿಳಿಯಂಗ ಹೇಳು."

ಒಳಪುಟದಲ್ಲಿ ಸಣ್ಣ ಸುದ್ದಿ. ವಿಜ್ಞಾನಿಗಳ ಸಭೆಯೊಂದರಲ್ಲಿ ಆ ಜೀಪಿನ ಸಂಸ್ಥೆಯ ಯಾರೋ ಮಾತನಾಡಿದ್ದರು. ದೇವದುರ್ಗ ತಾಲೂಕಿನ ಇಂಥ ಹಟ್ಟಿಯ ಇಂಥ ಕುಲದವರಲ್ಲಿ ಸೋದರಮಾವನನ್ನೇ ಮದುವೆಯಾಗುವ ರೂಢಿಯಿದೆ, ಅವರ ರಕ್ತದಲ್ಲಿ ವಂಶದಿಂದ ಬರುವ ಒಂದು ದೋಷ ಕಂಡುಬಂದಿದೆ ಎಂದು. ಕುಲದ ಹೆಸರೂ ಹಟ್ಟಿಯ ಹೆಸರೂ ಇತ್ತು. ಮಾತನಾಡಿದವರ ಹೆಸರಿನ ಹಿಂದೆ ಡಾಕ್ಟರ್ ಎಂದಿತ್ತು.

ನಾನು ಪಾಠ ಹೇಳುವಂತೆ ಹೇಳಿದೆ. ರಕ್ತದ ಕೆಂಪು ಕಣಗಳು ದುಂಡಗಿರಬೇಕು. ಈ ದೋಷವಿದ್ದವರಲ್ಲಿ ಅವು ಕುಡುಗೋಲಿನಂತೆ ಬಾಗುತ್ತವೆ. ತಾಯಿತಂದೆ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಬಂದರೆ ಏನೂ ಆಗುವುದಿಲ್ಲ. ಅಂಟುರೋಗ ಅಲ್ಲವೇ ಅಲ್ಲ.

"ಬ್ಯಾನಿ ಬಂದ್ರ ಏನಾಗತದ?"

"ಬಾಗಿದ ಕಣಗಳು ರಕ್ತನಾಳದಾಗ ಸಿಕ್ಕೊಂತಾವ ಚಾಚಾ. ಎಲುಬಿನಾಗ ತಡಕೊಳ್ಳಾರದ ನೋವು. ಕೈಕಾಲು ಬಾತಾವ. ಕಣ್ಣು ಹಳದಿ..."

ನನಗೂ ಅದೇ ಕ್ಷಣಕ್ಕೆ ಹೊಳೆದಿತ್ತು. ಅವರು ಕನ್ನಡಕ ತೆಗೆದರು. ಜೇಬಿಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದಿದ್ದರು.

"ಇವರಿಗೆ ಯಾವಾಗ ಗೊತ್ತಾಗಿರಬೇಕು?"

"ಈ ಪರೀಕ್ಷೆ ಬಹಳ ದಿನ ಹಿಡಿಯಲ್ಲ. ರಕ್ತ ಒಯ್ದ ವರ್ಷನೇ ಗೊತ್ತಾಗಿರತದ."

"ಅಂದ್ರ ನಮ್ಮ ಹುಡುಗಿ ಬದುಕಿದ್ದಾಗ."

"ಹೌದು."

"ಮದ್ದು ಅದ ಏನು ಇದಕ್ಕ?"

ಪೂರ್ತಿ ಗುಣಪಡಿಸುವ ಮದ್ದಿಲ್ಲ ಎಂದೆ. ಆದರೆ ನೀರು ಹೆಚ್ಚು ಕುಡಿಸಿ, ಬಿಸಿಲಲ್ಲಿ ದುಡಿಸಬೇಡಿ, ಜ್ವರ ಬಂದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ತನ್ನಿ ಎಂದು ಒಂದು ಮಾತು ಹೇಳಬಹುದಿತ್ತು. ದೇವದುರ್ಗದ ಡಾಕ್ಟರಿಗೆ ಒಂದು ಕಾರ್ಡು ಬರೆಯಬಹುದಿತ್ತು. ಅಷ್ಟನ್ನೂ ಮಾಡಲಿಲ್ಲ. ದೇಶದ ವಿಜ್ಞಾನಿಗಳಿಗೆಲ್ಲ ಹೇಳಿದರು. ರಕ್ತ ಯಾರದೋ ಅವರಿಗೆ ಹೇಳಲಿಲ್ಲ. ಅದೇ ಶಾಸ್ತ್ರವನ್ನು ನಾನು ಮಕ್ಕಳಿಗೆ ಕಲಿಸಿದವಳು, ಅದರ ಸೊಗಸನ್ನು ಬಲ್ಲವಳು. ಅದಕ್ಕೇ ಹೆಚ್ಚು ಸಿಟ್ಟು.

ಸುದ್ದಿಯನ್ನು ಒಂದು ಕನ್ನಡ ಪತ್ರಿಕೆ ಇನ್ನಷ್ಟು ಮಸಾಲೆ ಹಾಕಿ ಬರೆಯಿತು. ಅದರಲ್ಲಿ 'ದೋಷ' ಹೋಗಿ 'ಕೆಟ್ಟ ರಕ್ತ' ಆಯಿತು. ಮರುವರ್ಷದ ನಾಟಿಗೆ ಹಟ್ಟಿಯ ಹೆಂಗಸರು ಗಂಟುಮೂಟೆ ಕಟ್ಟಿಕೊಂಡು ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, ಪ್ರತಿವರ್ಷ ಕರೆದೊಯ್ಯುತ್ತಿದ್ದ ಮೇಸ್ತ್ರಿ ದೂರದಲ್ಲೇ ನಿಂತನಂತೆ. "ನಿಮ್ಮ ರಕ್ತ ಕೆಟ್ಟದಂತ ಪೇಪರಿನಾಗ ಬಂದದ. ನೀವು ಇಳಿದ ಗದ್ದಿ ನೀರಿನಾಗ ಬ್ಯಾರೆ ಆಳು ಇಳಿಯಲ್ಲ ಅಂತಾರ. ಹೋಗ್ರಿ ಯವ್ವಾ." ಹೋಟೆಲಿನವನು ಚಹಾವನ್ನು ತೆಂಗಿನ ಚಿಪ್ಪಿನಲ್ಲಿ ಕೊಟ್ಟ. ಇದನ್ನು ಕಂಡು ಬಂದು ಹೇಳಿದ್ದು ನನ್ನ ಅಬ್ಬಾ. ಅಂದು ಅವರು ಗಿರಣಿಗೆ ಚೀಲ ಹಾಕಲು ಹೋಗಿದ್ದರು. ಆ ಬೇಸಿಗೆ ಹಟ್ಟಿಯ ಮೂರು ಹುಡುಗಿಯರ ಮದುವೆ ಮುರಿದವು. ಸಂಬಂಧ ಮುರಿದವರೂ ಅದೇ ಕುಲದವರು, ಬೇರೆ ಹಟ್ಟಿಯವರು. ಕುಲ ಒಂದೇ ಆದರೂ ಪತ್ರಿಕೆಯಲ್ಲಿ ಬಂದ ಹಟ್ಟಿ ತಮ್ಮದಲ್ಲವಲ್ಲ.

ವಕೀಲರ ಟೈಪ್‌ರೈಟರ್ ಆ ವರ್ಷವಿಡೀ ಕುಟ್ಟಿತು. ಪತ್ರಿಕೆಗೆ, ಸಂಸ್ಥೆಗೆ, ಸರ್ಕಾರಕ್ಕೆ. ಪತ್ರಿಕೆಯಿಂದ ಮಾತ್ರ ಉತ್ತರ ಬಂತು: ಸ್ಥಳಾಭಾವದಿಂದ ಪ್ರಕಟಿಸಲಾಗುವುದಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಅದೇ ಸಂಸ್ಥೆಯವರು ಮತ್ತೆ ಬರುತ್ತಾರೆಂಬ ಸುದ್ದಿ ಬಂತು. ಈ ಸಲ ಡಂಗುರದ ಮಾತು ಬೇರೆ ಇತ್ತು. ರಕ್ತ ಕೊಟ್ಟರೆ, ನೀವು ನಿಜವಾದ ಬುಡಕಟ್ಟಿನವರು ಎಂದು ರಕ್ತವೇ ಸಾಬೀತು ಮಾಡುತ್ತದೆ, ಸರ್ಟಿಫಿಕೇಟು ಬರುತ್ತದೆ ಎಂದು ಕಚೇರಿಯ ಜನ ಹಬ್ಬಿಸಿದ್ದರು. ವಕೀಲರ ಅಣ್ಣನ ಮಗ ಬಿ.ಎ. ಮುಗಿಸಿ ಕುಳಿತಿದ್ದ ಹುಡುಗ. ಕೆಲಸದ ಸಂದರ್ಶನಕ್ಕೆ ಕರೆ ಬಂದಿತ್ತು, ಸರ್ಟಿಫಿಕೇಟು ಇಲ್ಲ. ಅವನು ರಾಯಚೂರಿಗೇ ಬಂದು ಚಿಕ್ಕಪ್ಪನ ಮುಂದೆ ನಿಂತ.

"ಕಾಕಾ, ನೀ ಈ ಸಲ ಅಡ್ಡ ಬರಬ್ಯಾಡ. ಒಂದು ಶೀಶಾ ರಕ್ತ ಕೊಟ್ರ ನೌಕರಿ ಸಿಗತದಂದ್ರ ನಿನಗೇನು ಹೋಗತದ?"

"ಲೇ, ಇವತ್ತು ನಿನ್ನ ರಕ್ತ ಹೌದು ಅನ್ನತದ. ನಾಳಿ ನಿನ್ನ ಮಗಂದು ಅಲ್ಲ ಅಂದ್ರ? ಆವಾಗ ಅವ ಯಾರವ?"

"ನಾಳಿದು ನಾಳಿಗೆ. ನಿನ್ನ ಹೊಟ್ಟಿ ತುಂಬೇದ, ಅದಕ್ಕ ಹಿಂಗ ಮಾತಾಡ್ತಿ."

ವಕೀಲರು ಕನ್ನಡಕಕ್ಕೆ ಕೈ ಹಾಕಿದರು, ತೆಗೆಯಲಿಲ್ಲ. ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಕೇಳಿದರು: "ನಮ್ಮ ಮುತ್ಯಾ ಯಾರಂತ ನಮ್ಮವ್ವ ಹೇಳಿದ್ರ ಸಾಲದಾ? ಸೂಜಿ ಹೇಳಬೇಕಾ?" ಹುಡುಗ ಊಟ ಮಾಡದೆ ಹೊರಟುಹೋದ.

ಜೀಪು ಬರುವ ದಿನ ನನ್ನನ್ನೂ ಕರೆದುಕೊಂಡು ಹೋದರು. "ನೀ ಬಾ ಬೇಟಿ. ಅವರು ಇಂಗ್ಲಿಷಿನಾಗ ಸುಳ್ಳು ಹೇಳಿದ್ರ ನೀ ನನಗ ಕನ್ನಡದಾಗ ಹೇಳು."

ನಾವು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಬೇವಿನ ಗಿಡದ ಕೆಳಗೆ ಮೇಜು, ಸಾಲಾಗಿ ನಿಂತ ಜನ, ಮೇಜಿನ ಪಕ್ಕದಲ್ಲಿ ಬರ್ಫದ ಪೆಟ್ಟಿಗೆ. ಅರ್ಧ ಸಾಲಿನ ರಕ್ತ ಆಗಲೇ ಗಾಜಿನ ಕೊಳವೆಗಳಲ್ಲಿ ಪೆಟ್ಟಿಗೆ ಸೇರಿತ್ತು. ತಂಡದ ಹಿರಿಯರು ನಡುವಯಸ್ಸಿನ ಪ್ರೊಫೆಸರ್. ಕೆಟ್ಟ ಮನುಷ್ಯನಲ್ಲ. ಎದ್ದು ನಮಸ್ಕಾರ ಮಾಡಿದರು, ನಮಗೆ ಕುರ್ಚಿ ಹಾಕಿಸಿದರು, ಹಟ್ಟಿಯ ಮಕ್ಕಳಿಗೆ ಪೆಪ್ಪರಮಿಂಟು ತಂದಿದ್ದರು. ರಾಕ್ಷಸನಾಗಿದ್ದರೆ ಮನಸ್ಸಿಗೆ ಎಷ್ಟೋ ಹಗುರಾಗುತ್ತಿತ್ತು.

ವಕೀಲರು ಕೂರಲಿಲ್ಲ. "ಡಾಕ್ಟರ ಸಾಹೇಬ್ರ, ಈ ರಕ್ತ ನೋಡಿ ಸರ್ಟಿಫಿಕೇಟು ಕೊಡ್ತೀರೇನು? ಈ ಹುಡುಗರ ಮುಂದ ಹೇಳ್ರಿ."

ಪ್ರೊಫೆಸರ್ ಬೆಪ್ಪಾದರು. "ಸರ್ಟಿಫಿಕೇಟೇ? ಅದು ನಮ್ಮ ಕೆಲಸ ಅಲ್ಲ. ರಕ್ತದಿಂದ ಅಂಥದ್ದೆಲ್ಲ ಹೇಳಲಿಕ್ಕೂ ಬರೋದಿಲ್ಲ. ಯಾರು ಹಾಗಂದರು?"

ಸಾಲಿನಲ್ಲಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ವಕೀಲರ ಅಣ್ಣನ ಮಗ ತೋಳಿಗೆ ಒತ್ತಿಕೊಂಡಿದ್ದ ಹತ್ತಿಯನ್ನು ಕಿತ್ತು ನೆಲಕ್ಕೆ ಬಿಸಾಡಿದ.

"ಹೋಗಲಿ. ಹಿಂದಕ ಒಯ್ದಿರಲ್ಲ, ಅದರಾಗ ಏನು ಸಿಕ್ಕಿತು?"

"ಅದು ಪ್ರಕಟ ಆಗಿದೆ."

"ಎಲ್ಲಿ? ಈ ಬೇವಿನ ಗಿಡಕ್ಕ ಅಂಟಿಸಿದ್ರೇನು?"

ಪ್ರೊಫೆಸರ್ ಇಂಗ್ಲಿಷಿನಲ್ಲಿ ನನ್ನ ಕಡೆ ತಿರುಗಿ, ನಿಮಗೆ ಅರ್ಥವಾಗುತ್ತದೆ, ಇದು ದೊಡ್ಡ ಜ್ಞಾನದ ಕೆಲಸ, ಇವರಿಗೆ ಹೇಳಿದರೆ ಸುಮ್ಮನೆ ಗಾಬರಿ ಬೀಳುತ್ತಾರೆ ಎಂದರು. ನಾನು ಅದನ್ನು ಅಕ್ಷರ ಬಿಡದೆ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ.

ಅಷ್ಟರಲ್ಲಿ, ರಕ್ತ ಕೊಟ್ಟು ಪಕ್ಕಕ್ಕೆ ನಿಂತಿದ್ದ ವಕೀಲರ ತಂಗಿ ಮುಂದೆ ಬಂದಳು. ಅಣ್ಣನಂತೆಯೇ ಕುಳ್ಳಗಿನವಳು. ಅವಳ ದನಿ ಎತ್ತರವಾಗಿರಲಿಲ್ಲ.

"ಯಪ್ಪಾ, ನನ್ನ ಮಗಳ ಕೈ ಯಾಕ ಬಾತಿತ್ತಂತ ನಿಮಗ ಗೊತ್ತಿತ್ತಾ?"

ಪ್ರೊಫೆಸರ್ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

"ಗೊತ್ತಿತ್ತಂತ ಈ ಟೀಚರಬಾಯಿ ಹೇಳಿದಳು. ನೀವು ಹೇಳ್ರಿ."

"ಅಮ್ಮಾ... ನಾವು ಚಿಕಿತ್ಸೆ ಕೊಡೋ ಡಾಕ್ಟರು ಅಲ್ಲ."

ಅವಳು ಬಗ್ಗಿ ಬರ್ಫದ ಪೆಟ್ಟಿಗೆಯನ್ನು ಎತ್ತಿ, ಬೇವಿನ ಬುಡಕ್ಕೆ ಹೋಗಿ ಕುಳಿತು, ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಕೂಸನ್ನು ಇಟ್ಟುಕೊಂಡ ಹಾಗೆ. ಒಬ್ಬೊಬ್ಬರೇ ಹೆಂಗಸರು ಬಂದು ಅವಳ ಸುತ್ತ ಕುಳಿತರು. ಡ್ರೈವರನೊಬ್ಬ ಕೈ ಹಾಕಲು ಹೋದ. ವಕೀಲರು ನಡುವೆ ನಿಂತರು. ಕನ್ನಡಕ ಯಾವಾಗಲೋ ಜೇಬಿನಲ್ಲಿತ್ತು. ಅಂದು ಅವರ ಬಾಯಿಂದ ಬಂದ ಉರ್ದುವನ್ನು ನಾನು ಅಬ್ಬಾನಿಗೂ ಹೇಳಿಲ್ಲ.

ಸಂಜೆಗೆ ದೇವದುರ್ಗದಿಂದ ಪೊಲೀಸರು ಬಂದರು. ಕಳವು, ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸು ಹಾಕಿದರು. ಒಂದನೇ ಆರೋಪಿ ವಕೀಲರು, ಎರಡನೆಯವಳು ತಂಗಿ. ಕಳವಿನ ಮಾಲು ಎಂದು ಪೆಟ್ಟಿಗೆಯನ್ನು ಜಪ್ತಿ ಮಾಡಿ ಅರಗಿನ ಮುದ್ರೆ ಒತ್ತಿ ಠಾಣೆಗೆ ಒಯ್ದರು. ಕೋರ್ಟಿನ ಭಾಷೆಯಲ್ಲಿ ಅದಕ್ಕೆ ಮುದ್ದೆಮಾಲು ಎನ್ನುತ್ತಾರೆ. ರಾಯಚೂರು ಸೀಮೆಯ ಬಿಸಿಲಿಗೆ ಬರ್ಫ ಎಷ್ಟು ಹೊತ್ತು ತಡೆದೀತು? ವಾರದೊಳಗೆ ನಾತಕ್ಕೆ ಠಾಣೆಯ ಆ ಕೋಣೆಯ ಬಾಗಿಲು ತೆಗೆಯುವವರಿಲ್ಲದಂತಾಯಿತು.

ಕೇಸು ವರ್ಷಗಟ್ಟಲೆ ಎಳೆಯಿತು. ದೇವದುರ್ಗದ ಕೋರ್ಟಿಗೆ ತಂಗಿ ಪ್ರತಿ ತಾರೀಖಿಗೂ ರೊಟ್ಟಿ ಕಟ್ಟಿಕೊಂಡು ನಡೆದು ಬರುತ್ತಿದ್ದಳು. ಒಂದು ಸಲ ಮ್ಯಾಜಿಸ್ಟ್ರೇಟರು ಅವಳನ್ನೇ ಕೇಳಿದರು: "ಏನಮ್ಮಾ, ಕಳವು ಮಾಡಿದ್ದು ಹೌದೋ ಅಲ್ಲೋ?"

"ಹೌದ್ರಿ ಮಾಸ್ವಾಮಿ. ನನ್ನ ಮೈಯಾಗಿಂದು ನಾನ ಕದ್ದೀನಿ. ಅವರು ಹೀರ್ದಾಗ ಅದಕ್ಕೇನಂತಾರ, ಅದನ್ನೂ ಬರಕೋರಿ."

ಕೋರ್ಟು ನಕ್ಕಿತು. ವಕೀಲರು ಮಾತ್ರ ನಗಲಿಲ್ಲ. ಎದ್ದು ನಿಂತು ಸಂಜೆಯವರೆಗೂ ವಾದಿಸಿದರು. ಒಬ್ಬ ಮನುಷ್ಯನ ರಕ್ತ ಮೈಯಿಂದ ಹೊರಗೆ ಬಂದ ಮೇಲೆ ಯಾರ ಸೊತ್ತು? ಔಷಧಿ ಎಂದು ಕರೆದು ತೆಗೆದುಕೊಂಡದ್ದು ದಾನವೋ ಮೋಸವೋ? ಕೊಡುವಾಗ ಗೊತ್ತಿರದಿದ್ದ ಕೆಲಸಕ್ಕೆ ಅದನ್ನು ಬಳಸುವ ಹಕ್ಕು ಯಾರು ಕೊಟ್ಟರು? ಈ ಪ್ರಶ್ನೆಗಳಿಗೆ ತೀರ್ಪು ಬೇಕು ಎಂದರು.

ತೀರ್ಪು ಬರಲಿಲ್ಲ. ಸಂಸ್ಥೆಯಿಂದ ಸಾಕ್ಷಿ ಹೇಳಲು ಒಬ್ಬರೂ ಬರಲಿಲ್ಲ. ಸಾಕ್ಷ್ಯವಿಲ್ಲವೆಂದು ಆರೋಪಿಗಳನ್ನು ಬಿಡುಗಡೆ ಮಾಡಿದರು. ಕೋರ್ಟಿನ ಹೊರಗೆ ಅಭಿನಂದಿಸಲು ಕೈ ಚಾಚಿದ ವಕೀಲ ಮಿತ್ರರೊಬ್ಬರ ಮೇಲೆ ಇವರು ಹರಿಹಾಯ್ದರು. "ಬಿಡುಗಡೆ ಯಾರು ಕೇಳಿದ್ರು? ನಾನು ಕೇಳಿದ್ದು ಉತ್ತರ. ಜೈಲಿಗಾದರೂ ಹಾಕ್ರಿ, ಆದ್ರ ಯಾರದಂತ ಬರೀರಿ!" ಆ ಮಿತ್ರರೇ ಮೊನ್ನೆ 'ಶಾಂತ ಸ್ವಭಾವದವರು' ಎಂದವರು. ಮಾತು ಬಿಟ್ಟದ್ದು ಆ ದಿನ.

ಸಂಸ್ಥೆಯವರಾರೂ ಕೇಳಿ ಬರದ್ದರಿಂದ, ಮುದ್ದೆಮಾಲನ್ನು ನೀವೇ ಒಯ್ಯಿರಿ ಎಂದು ಠಾಣೆಯಿಂದ ಕರೆ ಬಂತು. ನಾವೆಲ್ಲ ಹೋದೆವು. ಜಮಾದಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟ. ಕೊಳವೆಗಳೊಳಗೆ ಕಪ್ಪನೆಯ ಗಸಿ ಅಂಟಿತ್ತು. ಅವುಗಳ ಮೇಲೆ ಬರೀ ನಂಬರು, ಯಾರ ಹೆಸರೂ ಇಲ್ಲ. ಯಾರದು ಯಾವುದು ಎಂದು ಹೆಂಗಸರು ಕ್ಷಣ ಹೊತ್ತು ನೋಡುತ್ತ ನಿಂತರು. ಕಡೆಗೆ ಒಬ್ಬ ಮುದುಕಿ, "ಯಾರದಾದ್ರೇನು, ಎಲ್ಲಾ ನಮ್ಮದಾ ಅದ, ತಗೋರಿ" ಎಂದಳು. ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು. ಹಟ್ಟಿಯ ಹಿಂದೆ, ತಮ್ಮ ಹಿರಿಯರನ್ನು ಮಣ್ಣು ಮಾಡುವ ಜಾಗದಲ್ಲಿ ಗುಂಡಿ ತೋಡಿ ಹುಗಿದರು. ಅಣ್ಣನ ಮಗನೇ ಗುದ್ದಲಿ ಹಿಡಿದಿದ್ದ. ಅವನಿಗೆ ನೌಕರಿ ಸಿಕ್ಕಿರಲಿಲ್ಲ.

ಎಲ್ಲರೂ ಮಣ್ಣು ಹಾಕಿ ಕೈ ತೊಳೆಯಲು ಹೋದರೂ ತಂಗಿ ಅಲ್ಲೇ ನಿಂತಿದ್ದಳು.

"ಯಣ್ಣಾ, ಇದರಾಗ ನನ್ನ ಮಗಳದು ಇಲ್ಲಲ್ಲ."

ವಕೀಲರು ಕೈಗೆ ಅಂಟಿದ ಮಣ್ಣನ್ನು ಉಜ್ಜಿಕೊಂಡರು.

"ಆಕಿದು ಮೊದಲನೇ ಸಲ ಒಯ್ದಿದ್ದು. ಅದು ಎಲ್ಲದ?"

ಅವರು ನನ್ನ ಕಡೆ ನೋಡಿದರು. ನಾನು ಹೇಳಲೇಬೇಕಾಯಿತು. ಚೆಲ್ಲಿರಲಿಕ್ಕಿಲ್ಲ, ಅಂಥವನ್ನು ಬಹಳ ವರ್ಷ ತಂಪಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ ಎಂದೆ. ಆಕೆ ಅದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದಂತೆ ಕಂಡಿತು. "ಅಂದ್ರ ಆಕಿ ಇನ್ನ ಪೂರಾ ಮಣ್ಣಿಗೆ ಹೋಗಿಲ್ಲ" ಎಂದಳು.

ಆ ಮನುಷ್ಯ ನೆಲಕ್ಕೆ ಕುಸಿದು ಕುಳಿತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುವಾರವೇ ಅವರು ರೈಲು ಹತ್ತಿದರು. ಸಂಸ್ಥೆಯ ಗೇಟಿನಲ್ಲಿ ದಿನವಿಡೀ ನಿಂತ ಮೇಲೆ ಒಳಗೆ ಬಿಟ್ಟರಂತೆ. ಯಾರೋ ತರುಣ ವಿಜ್ಞಾನಿ ಮರ್ಯಾದೆಯಿಂದಲೇ ಮಾತಾಡಿದನಂತೆ. ಇದೆ, ಆದರೆ ಹೆಸರಿಲ್ಲ, ನಂಬರು ಮಾತ್ರ. ಅದು ಈಗ ಸಂಸ್ಥೆಯ ಸೊತ್ತು, ಮುಂದಿನ ಸಂಶೋಧನೆಗೆ ಬೇಕಾಗುತ್ತದೆ ಎಂದನಂತೆ. ಉದ್ದನೆಯ ಕೋಣೆಯಲ್ಲಿ ಸಾಲಾಗಿ ನಿಂತ ಬಿಳಿಯ ತಂಪು ಪೆಟ್ಟಿಗೆಗಳನ್ನು ಕಿಟಕಿಯಿಂದ ತೋರಿಸಿದನಂತೆ.

ವಾಪಸು ಬಂದು ಅವರು ನೇರ ಹಟ್ಟಿಗೆ ಹೋಗಿ ತಂಗಿಗೆ ಹೇಳಿದರು. "ಅದವ್ವ. ಇನ್ನ ಅದ. ಕೊಡಲಿಲ್ಲ."

"ಮತ್ತ ಹೋಗು" ಎಂದಳು ಆಕೆ.

ಅವರು ಮತ್ತೆ ಹೋದರು. ಪ್ರತಿವರ್ಷ ಹೋದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ತೆಗೆಸಿಕೊಂಡ ವರ್ಷವೂ ಕೋಲೂರಿಕೊಂಡು ಹೋದರು. ಗೇಟಿನ ಕಾವಲುಗಾರರು ಬದಲಾದರು, ಆ ತರುಣ ವಿಜ್ಞಾನಿ ವಿದೇಶಕ್ಕೆ ಹೋದ, ಆ ಪ್ರೊಫೆಸರ್ ನಿವೃತ್ತರಾದರು. ಪೆಟ್ಟಿಗೆಯ ಬಾಗಿಲು ತೆರೆಯಲಿಲ್ಲ. ಪ್ರತಿ ಸಲವೂ ತಂಗಿಯ ಎದುರು ನಿಂತು "ಕೊಡಲಿಲ್ಲ" ಎನ್ನುವಾಗ ಅವರಿಗೆ ಏನಾಗುತ್ತಿತ್ತೋ ನಾನು ಕೇಳಿಲ್ಲ.

ಸಂತಾಪ ಸಭೆ ಮುಗಿದು ನಾನು ಹೊರಗೆ ಬಂದಾಗ ಆಕೆ ಕೋರ್ಟಿನ ಕಾಂಪೌಂಡಿನ ಹೊರಗೆ, ಬಿಸಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಒಳಗೆ ಯಾರೂ ಕರೆದಿರಲಿಲ್ಲ. ಅಣ್ಣನನ್ನು ಏನೆಂದು ಹೊಗಳಿದರೆಂದು ಕೇಳಲಿಲ್ಲ. ನನ್ನ ಕೈ ಹಿಡಿದು ಎದ್ದು ನಿಂತು, "ಯವ್ವಾ, ನೀ ಓದಿದಾಕಿ. ಇನ್ನ ನೀ ಹೋಗಬೇಕು" ಎಂದಳು.

ನಾನು ಹೋಗಿ ಬಂದೆ. ಹೊಸ ಅಧಿಕಾರಿ ನನ್ನ ಡಿಗ್ರಿ ಕೇಳಿ ಕುರ್ಚಿ ಕೊಟ್ಟರು, ಚಹಾ ತರಿಸಿದರು, ನೀವೂ ವಿಜ್ಞಾನದವರು, ನಿಮಗೆ ತಿಳಿಯುತ್ತದೆ ಎಂದರು. ಚಹಾ ಕುಡಿಯದೆ ಎದ್ದು ಬಂದೆ. ಹಟ್ಟಿಗೆ ಹೋಗಿ ಆಕೆಯ ಮುಂದೆ ನಿಂತು ಕೊಡಲಿಲ್ಲ ಎಂದೆ.

ಆಕೆ ನನಗೂ "ಮತ್ತ ಹೋಗು" ಎಂದಳು. ಕಾಲೇಜಿಗೆ ರಜೆ ಬಂದ ಕೂಡಲೇ ಮತ್ತೆ ಹೋಗುತ್ತೇನೆ.